ನಿಂತು ಕೇಳುವ ಪ್ರಶ್ನೆ

ಎಮಿಲ್ ಹುಡಾಕನ ಮನೆಯವರು ಮುಷ್ಕರದ ಸಾಲನ್ನು ದಾಟುವವರಲ್ಲ ಎಂಬುದು ಪೋರ್ಟ್ ಹ್ಯಾಲಮಿನ ಆರನೆಯ ವಾರ್ಡಿನಲ್ಲಿ ಎಲ್ಲರೂ ಬಲ್ಲ ಮಾತಾಗಿತ್ತು. ಕೆಲಸಗಾರರು ಫಲಕ ಹಿಡಿದು ಗೇಟಿನ ಮುಂದೆ ನಿಂತರೆಂದರೆ, ಒಳಗೆ ಏನೇ ಇರಲಿ, ಆ ಗೇಟು ಹುಡಾಕರ ಪಾಲಿಗೆ ಗೋಡೆಯಾಗುತ್ತಿತ್ತು. ಉಕ್ಕಿನ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಎಮಿಲನ ತಂದೆ ಒಂದಿಡೀ ಚಳಿಗಾಲವನ್ನು ಬರಿಯ ಎಲೆಕೋಸು ತಿಂದು ಸಾಲಿನಲ್ಲಿ ಕಳೆದಿದ್ದ. ಎಮಿಲ್ ತಾನೂ ಎರಡು ಸಲ ನಿಂತಿದ್ದ. ಕಾರ್ಖಾನೆಯ ಬಹುಭಾಗ ಈಗ ತುಕ್ಕು ಹಿಡಿದು ಸರೋವರದ ದಂಡೆಯಲ್ಲಿ ಬಿದ್ದಿದೆ. ಮಾತು ಮಾತ್ರ ಬಿದ್ದಿರಲಿಲ್ಲ.

ಆದ್ದರಿಂದ, ಏಳನೆಯ ಬೀದಿಯ ವೃದ್ಧಾಲಯದ ಆರೈಕೆಯ ಹೆಂಗಸರು ಫೆಬ್ರವರಿಯ ಹಿಮದಲ್ಲಿ ಮುಷ್ಕರ ಹೂಡಿದ ದಿನ, ಎಮಿಲ್ ಸಾರಿನ ಫ್ಲಾಸ್ಕನ್ನು ಹಿಡಿದುಕೊಂಡು ಬೀದಿಯ ಈಚೆ ಬದಿಯಲ್ಲೇ ನಿಂತ. ಫಲಕಗಳನ್ನು ನೋಡಿದ. ಟೋಪಿ ತೆಗೆದು ಅವರಿಗೆ ವಂದಿಸಿ ಮನೆಗೆ ಮರಳಿದ. ಒಳಗಿದ್ದವಳು ಅವನ ಹೆಂಡತಿ ವೆರೋನಾ. ನೆನಪು ಅಳಿಸಿಹೋದ ಆಕೆಗೆ ಕೆಲವು ವರ್ಷಗಳಿಂದ ಪ್ರತಿ ಮಧ್ಯಾಹ್ನ ತಾನೇ ಕುದಿಸಿದ ಸಾರನ್ನು ತಾನೇ ಉಣಿಸಿಬರುತ್ತಿದ್ದವನು ಅವನು.

ಮರುದಿನವೂ ಅವನು ಸಾರು ಮಾಡಿದ. ಕೋಳಿಯ ಮೂಳೆ ಬೇಯಿಸಿ, ಸೋಸಿ, ಎಳೆ ಎಳೆಯಾದ ಶ್ಯಾವಿಗೆಯನ್ನು ಇನ್ನಷ್ಟು ಸಣ್ಣಗೆ ಕತ್ತರಿಸಿ ಹಾಕಿದ. ಫ್ಲಾಸ್ಕಿಗೆ ಸುರಿದು ಬಾಗಿಲ ಬಳಿಯ ಸ್ಟೂಲಿನ ಮೇಲಿಟ್ಟು, ಯಾರಿಗೂ ಏನೂ ಹೇಳದೆ ನೆಲಮಾಳಿಗೆಗೆ ಇಳಿದುಹೋದ. ಸಂಜೆ ನೋಡಿದರೆ ತೊಳೆದ ಫ್ಲಾಸ್ಕು ಅಡಿಗೆಮನೆಯ ಕಟ್ಟೆಯ ಮೇಲೆ ಬೋರಲಾಗಿತ್ತು. ಯಾರು ಒಯ್ದರೆಂದು ಅವನು ಕೇಳಲಿಲ್ಲ. ವಾರಗಳು ಹೀಗೆಯೇ ಉರುಳಿದವು. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬಂದ ಮೇಲೆ, ಮಾಂಸ ಮುಟ್ಟದ ಶುಕ್ರವಾರಗಳಂದು ಕೋಳಿಯ ಬದಲು ಆಲೂಗಡ್ಡೆಯ ಸಾರಾಯಿತು. ಅಷ್ಟೇ ವ್ಯತ್ಯಾಸ.

ಒಯ್ಯುತ್ತಿದ್ದವಳು ಅವನ ಮಗಳು ಮಾರ್ಲೀನ್. ವೃದ್ಧಾಲಯಕ್ಕೆ ಎರಡು ಬೀದಿ ದೂರದ ಶಾಲೆಯಲ್ಲಿ ಅವಳು ದಾದಿ. ಆ ವರ್ಷ ನಗರಸಭೆಗೆ ಆರನೆಯ ವಾರ್ಡಿನಿಂದ ಸ್ಪರ್ಧಿಸಿದ್ದಳು. ಸ್ಪರ್ಧೆಗೆ ಕಾರಣ ಆ ವೃದ್ಧಾಲಯವೇ. ಅದರ ಒಡೆಯರು ಆ ಊರನ್ನು ಕಣ್ಣಿಂದ ಕಂಡವರಲ್ಲ. ದೂರದ ನಗರದಲ್ಲಿ ಕುಳಿತು ಮುದುಕರನ್ನು ಮಂಚದ ಲೆಕ್ಕದಲ್ಲಿ ಎಣಿಸುವವರು. ವಾರ್ಡಿನ ಸದಸ್ಯ ವೆಂಡೆಲ್ ಸ್ಟ್ರಾಕ್ ಅವರಿಗೆ ನಗರದ ತೆರಿಗೆಯನ್ನು ಮನ್ನಾ ಮಾಡಿಸಿಕೊಟ್ಟ. ಉಳಿದ ಹಣದಿಂದ ಅವರು ಹೊಸ ಕೆಲಸದವಳೊಬ್ಬಳನ್ನೂ ಇಟ್ಟುಕೊಳ್ಳಲಿಲ್ಲ. ಇದ್ದವರನ್ನೇ ಕಡಿಮೆ ಮಾಡಿದರು. ಇಂಥದನ್ನು ವ್ಯವಹಾರ ಎಂದು ಕರೆಯುವವರು ಇದ್ದಾರೆ. ಮಾರ್ಲೀನ್ ಹಾಗೆ ಕರೆಯಲು ಒಪ್ಪದೆ ನಾಮಪತ್ರ ಸಲ್ಲಿಸಿದಳು.

ಮಾರ್ಚ್ ನಡುವೆ ಒಂದು ಸಂಜೆ ಊಟದ ಹೊತ್ತಿಗೆ ಆ ಮಾತು ಬಂತು. ಮೇಜಿನ ಮೇಲೆ ಬೆಣ್ಣೆಯಲ್ಲಿ ಹುರಿದ ಎಲೆಕೋಸು ಮತ್ತು ನೂಡಲ್ಸು, ಪಕ್ಕದಲ್ಲಿ ಬ್ರೆಡ್ಡಿನ ರಾಶಿ. ಬ್ರೆಡ್ಡು ತಂದವನು ಮಾರ್ಲೀನಳ ಗಂಡ ಕರ್ಟಿಸ್. ಅವನು ಬೇಕರಿಯ ವ್ಯಾನು ಓಡಿಸುವವನು, ಚಾಲಕರ ಸಂಘದ ಸದಸ್ಯ. ಮುಷ್ಕರದ ಮೊದಲ ದಿನದಿಂದ ವೃದ್ಧಾಲಯದ ಗೇಟಿನ ತನಕ ಹೋಗಿ ವ್ಯಾನು ತಿರುಗಿಸಿಕೊಂಡು ಬರುತ್ತಿದ್ದ.

"ತಗೊಳ್ಳಿ ಮಾವ, ಇವತ್ತೂ ಹಿಂದಕ್ಕೆ ಬಂದ ಬ್ರೆಡ್ಡು," ಎಂದ ಕರ್ಟಿಸ್. "ನಿಂತಿದ್ದೋರು ಚಪ್ಪಾಳೆ ತಟ್ಟಿದ್ರು. ಬೇಕರಿಯ ಮೇಸ್ತ್ರಿ ಮಾತ್ರ ಮುಖ ಗಂಟು ಹಾಕ್ಕೊಂಡಿದ್ದಾನೆ."

"ಹಾಕ್ಕೊಳ್ಳಲಿ ಬಿಡು. ಗಂಟು ಅವನ ಮುಖದ್ದು," ಎಂದ ಎಮಿಲ್, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ.

ಮೊಮ್ಮಗಳು ನೊಯೆಲ್ ಔಷಧದಂಗಡಿಯ ಕೆಲಸ ಮುಗಿಸಿ ಆಗತಾನೆ ಬಂದಿದ್ದಳು. ತಾಯಿಯ ಚುನಾವಣೆಯ ಕೆಲಸವೆಲ್ಲ ಅವಳ ಕೈಯಲ್ಲೇ ಇತ್ತು.

"ಅಮ್ಮಾ, ಕಾರ್ಮಿಕ ಭವನದ ಕಾರ್ಯದರ್ಶಿ ಗಸ್ ಫೋನ್ ಮಾಡಿದ್ರು. ಬರೋ ತಿಂಗಳ ಮೊದಲನೇ ಗುರುವಾರ ಅಭ್ಯರ್ಥಿಗಳನ್ನ ಕರೀತಾರಂತೆ. ಬೆಂಬಲ ಬೇಕು ಅಂತ ನೀನೇ ಬಾಯಿಬಿಟ್ಟು ಕೇಳ್ಬೇಕಂತೆ. ನಾನು ಕೇಳಿದ್ರೆ ನಡೆಯಲ್ವಂತೆ."

"ನಡೆಯಲ್ಲ," ಎಂದ ಎಮಿಲ್. "ಕೇಳೋರೇ ಬಂದು ಕೇಳ್ಬೇಕು. ಅದೇ ಪದ್ಧತಿ."

"ಸ್ಟ್ರಾಕ್ ಕೇಳ್ತಾ ಇಲ್ವಂತೆ ತಾತ. ಅವನಿಗೆ ಧೈರ್ಯ ಇಲ್ಲ. ಅಮ್ಮ ಹೋದ್ರೆ ಬೆಂಬಲ ಕೈಗೆ ಸಿಕ್ಕಿದ ಹಾಗೇ. ಊರಿನ ಸಂಘಗಳೆಲ್ಲ ಸೇರಿ ಮನೆಮನೆ ಬಾಗಿಲು ತಟ್ತಾರೆ. ಇಲ್ದಿದ್ರೆ ತಟ್ಟೋಕೆ ನಾನೊಬ್ಬಳು, ನನ್ನದೊಂದು ಹರಕಲು ಷೂ."

ಮಾರ್ಲೀನ್ ತಟ್ಟೆಯಿಂದ ತಲೆ ಎತ್ತಲಿಲ್ಲ. "ನೋಡೋಣ," ಎಂದಳು.

"ಏನು ನೋಡೋದು?" ಎಂದ ಎಮಿಲ್.

"ಕೇಳ್ಬೇಕಾ ಬೇಡ್ವಾ ಅಂತ ಯೋಚಿಸ್ತಿದ್ದೀನಿ ಅಪ್ಪ."

ಎಮಿಲ್ ಬೆಣ್ಣೆಯ ಚಾಕುವನ್ನು ಕೆಳಗಿಟ್ಟ. ಅವನ ಬೇಸರಕ್ಕೆ ಕಾರಣವಿತ್ತು. ಬೆಂಬಲ ಕೇಳಿಕೊಂಡು ಆ ಭವನಕ್ಕೆ ಬಂದ ಅಭ್ಯರ್ಥಿಗೆ ಮೊದಲ ಪ್ರಶ್ನೆಯನ್ನು ಹಾಕುವವನು ನಿವೃತ್ತರಲ್ಲಿ ಅತ್ಯಂತ ಹಿರಿಯ. ಆ ಪ್ರಶ್ನೆಯನ್ನು ಅವನು ನಿಂತು ಕೇಳುತ್ತಾನೆ. ಅಭ್ಯರ್ಥಿ ನಿಂತು ಉತ್ತರಿಸಬೇಕು. ಪ್ರಶ್ನೆ ಎಂದೂ ಬದಲಾದದ್ದಿಲ್ಲ: ನೀವು ಎಂದಾದರೂ ಮುಷ್ಕರದ ಸಾಲನ್ನು ದಾಟಿದ್ದೀರಾ? ಇಲ್ಲ ಎಂದರೆ ಉಳಿದ ಪ್ರಶ್ನೆಗಳು. ಹೌದು ಎಂದರೆ ಯಾರೂ ಬಯ್ಯುವುದಿಲ್ಲ, ಕೂಗುವುದಿಲ್ಲ. ಕೇಳಿದವನು ತನ್ನ ಕುರ್ಚಿಯನ್ನು ತಿರುಗಿಸಿ ಬೆನ್ನು ಹಾಕಿ ಕೂರುತ್ತಾನೆ, ಇಡೀ ಭವನ ಹಾಗೆಯೇ ಮಾಡುತ್ತದೆ. ಬಹಳ ವರ್ಷಗಳಿಂದ ಆ ಪ್ರಶ್ನೆ ಎಮಿಲನದಾಗಿತ್ತು.

"ಎಂಥೆಂಥವರಿಗೋ ಕೇಳಿದ್ದೀನಿ," ಎಂದ ಅವನು. "ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು ಬಂದ ವಕೀಲರಿಗೆ ಕೇಳಿದ್ದೀನಿ. ಅವರು ಇಲ್ಲ ಅಂದಾಗೆಲ್ಲ ನಂಬಿದ್ನೋ ಇಲ್ವೋ, ದೇವರಿಗೇ ಗೊತ್ತು. ಒಂದು ಸಲ ನನ್ನ ಮನೆಯೋರಿಗೆ ಕೇಳಿ, ಇಲ್ಲ ಅನ್ನೋದನ್ನ ಪೂರ್ತಿ ನಂಬಿ ಕೂತ್ಕೋಬೇಕು ಅಂತಿತ್ತು. ಅದೂ ನಿನಗೆ ಯೋಚನೆಯ ವಿಷಯವಾ?"

"ಅಪ್ಪ, ಊಟ ಮಾಡು. ಆರ್ತಾ ಇದೆ."

"ಸ್ಕೂಲಲ್ಲಿ ಕೂತೂ ಕೂತೂ ನಿನಗೆ ಸಂಘ ಅಂದ್ರೆ ನಾಚಿಕೆಯಾಯ್ತೇನೋ."

"ಹಾಗಲ್ಲ."

"ಮತ್ತೆ ಹೇಗೆ?"

ಅವಳು ಎದ್ದು ತಟ್ಟೆಗಳನ್ನು ಒಟ್ಟುಮಾಡತೊಡಗಿದಳು. ಕರ್ಟಿಸನದು ಇನ್ನೂ ಮುಗಿದಿರಲಿಲ್ಲ.

"ನನ್ನ ತಟ್ಟೆ ಏನು ಮಾಡ್ತು?" ಎಂದ ಅವನು. ಯಾರೂ ನಗಲಿಲ್ಲ.

ವೃದ್ಧಾಲಯದ ಹಿಂಬದಿಯಲ್ಲಿ ಸರಕಿನ ಗೇಟಿತ್ತು. ಮುಷ್ಕರದವರು ಅಲ್ಲಿಯೂ ನಿಲ್ಲುತ್ತಿದ್ದರು; ಆದರೆ ಮಧ್ಯಾಹ್ನದ ಊಟಕ್ಕೆ ಮುಂದಿನ ಗೇಟಿನಲ್ಲಿ ಚಳಿಗೆಂದು ಬೆಂಕಿ ಹಾಕಿದ್ದ ಪೀಪಾಯಿಯ ಬಳಿ ಸೇರುತ್ತಿದ್ದರು. ಆ ಹೊತ್ತು ನೋಡಿಕೊಂಡು ಮಾರ್ಲೀನ್ ಒಳಗೆ ಹೋಗುತ್ತಿದ್ದಳು. ಮೊದಲು ಹೋದದ್ದು ತಾಯಿಯ ಸಲುವಾಗಿ ಮಾತ್ರ. ವೆರೋನಾ ಕೂರುತ್ತಿದ್ದ ಮೇಜಿನಲ್ಲಿ ಇನ್ನೂ ಐದಾರು ಮುದುಕಿಯರಿದ್ದರು. ಆಡಳಿತದವರು ಎಲ್ಲಿಂದಲೋ ಕರೆತಂದ ತಾತ್ಕಾಲಿಕ ಕೆಲಸದವರು ಊಟದ ತಟ್ಟೆಗಳನ್ನು ಅವರ ಮುಂದಿಟ್ಟು ಹೋಗುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಇಟ್ಟದ್ದನ್ನು ಇಟ್ಟಹಾಗೆಯೇ ಎತ್ತಿಕೊಂಡು ಹೋಗುತ್ತಿದ್ದರು. ಪಕ್ಕದ ಕುರ್ಚಿಯ ಡೂಲಿ ಅಜ್ಜಿ ಚಮಚದ ಸದ್ದು ಕೇಳಿದೊಡನೆ ಬಾಯಿ ತೆರೆದು ಕಾಯುತ್ತಿದ್ದಳು. ಮಾರ್ಲೀನ್ ಅವಳಿಗೊಂದು ಚಮಚ ಕೊಟ್ಟಳು. ಮಾರನೆಯ ದಿನ ಅವಳ ಪಕ್ಕದವಳಿಗೂ ಕೊಟ್ಟಳು. ಮೂರನೆಯ ವಾರದ ಹೊತ್ತಿಗೆ ಮ್ಯಾನೇಜರು ನಗುನಗುತ್ತಾ ಅವಳ ಕೈಗೊಂದು ಹಸಿರು ಏಪ್ರನ್ ಕೊಟ್ಟಿದ್ದ, ಅವಳು ಕಟ್ಟಿಕೊಂಡಿದ್ದಳು. ಈಗ ಆ ಮೇಜಿಗೆಲ್ಲ ಉಣಿಸುವವಳು ಅವಳೇ.

ಊಟದ ಮೇಜಿನ ಆ ಜಗಳವಾದ ಮರುದಿನ ಅವಳು ಸರಕಿನ ಗೇಟಿನಿಂದ ಹೊರಬಂದಾಗ ಎದುರಿಗೆ ಮಿಗ್ಡಾಲಿಯಾ ರೊಸಾಡೊ ನಿಂತಿದ್ದಳು. ಆ ಮೇಜಿಗೆ ಹನ್ನೊಂದು ವರ್ಷ ಉಣಿಸಿದವಳು. ಫಲಕವನ್ನು ಬೇಲಿಗೆ ಒರಗಿಸಿ ಕೈಗವಸನ್ನು ಹಲ್ಲಿನಿಂದ ಎಳೆಯುತ್ತಿದ್ದಳು.

"ಮಾಮಿ ತಿಂದ್ರಾ?" ಎಂದಳು. ವೃದ್ಧಾಲಯದ ಮುದುಕಿಯರೆಲ್ಲ ಅವಳ ಬಾಯಲ್ಲಿ ಮಾಮಿಗಳೇ.

"ಅರ್ಧ ಬಟ್ಟಲು."

"ಪರವಾಗಿಲ್ಲ. ಆದ್ರೆ ನೀವ್ಯಾಕೆ ಈ ಗೇಟಿಂದ ಬರ್ತೀರಿ, ಕಳ್ಳರ ಥರ? ಮನೆಯೋರಿಗೆ ಅಂತ ಪಕ್ಕದ ಬಾಗಿಲು ಬಿಟ್ಟಿದ್ದೀವಲ್ಲ. ಲಿಲಾಕ್ ಪೊದೆಯ ಕಡೆ. ಮೊದಲನೇ ದಿನಾನೇ ಮಾತಾಡ್ಕೊಂಡಿದ್ವಿ, ಮನೆಯೋರು ಬಂದು ನೋಡ್ಕೊಂಡು ಹೋಗ್ಲಿ ಅಂತ. ಅಲ್ಲಿ ನಾವು ನಿಲ್ಲೋದೇ ಇಲ್ಲ."

"ನಂಗೊತ್ತಿರಲಿಲ್ಲ."

"ಕೇಳಿದ್ರೆ ಹೇಳ್ತಿದ್ವಿ. ನಿಮ್ಮ ತಂದೆ ಟೋಪಿ ತೆಗೆದು ನಮಸ್ಕಾರ ಮಾಡಿ ಹೋದ್ರು. ಕಾಯಿಲೆಯೇನೋ, ಆಮೇಲೆ ಬರ್ತಾರೆ ಅಂದ್ಕೊಂಡ್ವಿ." ಮಿಗ್ಡಾಲಿಯಾ ಮಾತು ನಿಲ್ಲಿಸಿ, ಮಾರ್ಲೀನಳ ಕೋಟಿನ ಅಂಚಿನಿಂದ ಇಣುಕುತ್ತಿದ್ದ ಹಸಿರು ಬಟ್ಟೆಯನ್ನು ನೋಡಿದಳು. "ಅದೇನದು?"

ಮಾರ್ಲೀನ್ ಕೋಟಿನ ಅಂಚನ್ನು ಎಳೆದುಕೊಂಡಳು.

"ಜೇಬಲ್ಲಿ ನೋಡಿ. ಪೆಪ್ಪರಮಿಂಟು ಇದ್ರೆ ಅದು ನಂದೇ."

ಮಾರ್ಲೀನ್ ಜೇಬಿಗೆ ಕೈಹಾಕಿದಳು. ಪೆಪ್ಪರಮಿಂಟು ಸುತ್ತಿದ ಕಾಗದ ಬೆರಳಿಗೆ ಸಿಕ್ಕಿತು.

"ಎಷ್ಟು ಜನಕ್ಕೆ ಉಣ್ಸ್ತೀರಿ?"

"ಮೇಜಿನವರಿಗೆಲ್ಲ."

"ಸರಿ ಹೋಯ್ತು," ಎಂದಳು ಮಿಗ್ಡಾಲಿಯಾ, ತಗ್ಗಿದ ದನಿಯಲ್ಲಿ. "ಮೊದಲನೇ ವಾರ ಮ್ಯಾನೇಜರು ಬೆಳಗ್ಗೆ ಸಂಜೆ ಮಾತುಕತೆಗೆ ಕರೀತಿದ್ದ. ಆಮೇಲೆ ನಿಲ್ಲಿಸಿಬಿಟ್ಟ. ಯಾಕೆ ಅಂತ ನಾವು ತಲೆ ಕೆಡಿಸ್ಕೊಂಡಿದ್ದೇ ಬಂತು. ಈಗ ಗೊತ್ತಾಯ್ತು. ಸರ್ಕಾರದ ತಪಾಸಣೆಯವರು ಬಂದ್ರೆ ಆ ಮೇಜಿಗೇ ಕರ್ಕೊಂಡು ಹೋಗ್ತಾನೆ. ನೋಡಿ, ಯಾರೂ ಹಸಿದಿಲ್ಲ ಅಂತ."

"ಡೂಲಿ ಅಜ್ಜಿ ಬಾಯಿ ತೆರ್ಕೊಂಡು ಕೂತಿದ್ರು, ಮಿಗ್ಡಾಲಿಯಾ. ಕಣ್ಣಾರೆ ನೋಡಿ ನಾನೇನು ಮಾಡ್ಬೇಕಿತ್ತು?"

"ಅವರು ಹೇಗೆ ಬಾಯಿ ತೆರೀತಾರೆ ಅಂತ ನನಗೆ ಹೇಳ್ಬೇಡಿ. ಅವರ ಮೇಲಿನ ಕೋಪಕ್ಕಾ ನಾನು ಹಿಮದಲ್ಲಿ ನಿಂತಿರೋದು? ಒಬ್ಬಳ ತಲೆಗೆ ಎರಡು ಮೇಜು, ಮೂರು ಮೇಜು ಕಟ್ಟಿದ್ರೆ ಯಾರ ಬಾಯಿಗೂ ಬಿಸಿ ಅನ್ನ ಹೋಗಲ್ಲ ಅಂತ ತಾನೇ?"

ಮುಂದಿನ ಗೇಟಿನ ಕಡೆಯಿಂದ ಯಾರೋ ಅವಳ ಹೆಸರು ಹಿಡಿದು ಕೂಗಿದರು. ಅವಳು ಫಲಕವನ್ನು ಎತ್ತಿಕೊಂಡಳು.

"ನೀವು ಭವನಕ್ಕೆ ಬರ್ತೀರಂತೆ. ಬನ್ನಿ. ನಾನೇನೂ ಹೇಳಲ್ಲ. ಆ ಸ್ಟ್ರಾಕ್‌ಗಿಂತ ನೀವು ಎಷ್ಟೋ ವಾಸಿ. ಗೆದ್ದು ಆ ತೆರಿಗೆ ಮನ್ನಾ ಕಿತ್ತು ಬಿಸಾಕಿ. ಇನ್ನು, ಅಲ್ಲಿ ಕೇಳಿದ್ದಕ್ಕೆ ಏನು ಹೇಳೋದು ಅನ್ನೋದು ನಿಮ್ಮ ಬಾಯಿಗೆ ಬಿಟ್ಟದ್ದು."

ಮಾರ್ಲೀನ್ ಅಲ್ಲಿಯೇ ಏಪ್ರನ್ ಬಿಚ್ಚಿ ಕೊಟ್ಟಳು. ಮಿಗ್ಡಾಲಿಯಾ ಅದನ್ನು ಮಡಿಸಿ ಜಾಕೆಟ್ಟಿನ ಒಳಗೆ ಸೇರಿಸಿಕೊಂಡು ನಡೆದಳು.

ಆ ಶನಿವಾರ ಬೆಳಿಗ್ಗೆ, ಎಮಿಲ್ ನೆಲಮಾಳಿಗೆಯಲ್ಲಿದ್ದಾಗ, ಅಡಿಗೆಮನೆಯಲ್ಲಿ ಮಾರ್ಲೀನ್ ಗಂಡನಿಗೂ ಮಗಳಿಗೂ ಎಲ್ಲವನ್ನೂ ಹೇಳಿದಳು. ನೊಯೆಲ್ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು.

ಕರ್ಟಿಸ್ ಕಾಫಿಯ ಲೋಟವನ್ನು ಪಕ್ಕಕ್ಕೆ ಸರಿಸಿದ. "ಅಂದ್ರೆ ನಾನು ಮುಂದಿನ ಗೇಟಲ್ಲಿ ಬ್ರೆಡ್ಡು ವಾಪಸ್ ತಿರುಗಿಸ್ತಾ ಇದ್ದೆ. ನೀನು ಹಿಂದಿನ ಗೇಟಲ್ಲಿ..."

"ಹೌದು."

"ಆ ಜನ ನನಗೆ ಚಪ್ಪಾಳೆ ತಟ್ತಿದ್ರು, ಮಾರ್ಲೀನ್."

"ಗೊತ್ತು."

ಅವನು ಎದ್ದು ಬೀಗದ ಕೈ ತೆಗೆದುಕೊಂಡು ಹೊರಗೆ ಹೋದ. ಅಂದಿನಿಂದ ತನ್ನ ಮಧ್ಯಾಹ್ನದ ಬುತ್ತಿಯನ್ನು ತಾನೇ ಕಟ್ಟಿಕೊಳ್ಳತೊಡಗಿದ.

"ಅಪ್ಪ ಸರಿಹೋಗ್ತಾರೆ," ಎಂದಳು ನೊಯೆಲ್. "ಈಗ ಕೇಳು. ಮಿಗ್ಡಾಲಿಯಾ ಹೇಳಲ್ಲ ಅಂದ್ಲು. ಮ್ಯಾನೇಜರು ಆ ಭವನದ ಮೆಟ್ಟಿಲು ಹತ್ತಲ್ಲ. ನೀನು ಇಲ್ಲ ಅಂದುಬಿಡು. ಒಂದೇ ಒಂದು ಪದ. ಗೆದ್ದ ಮೇಲೆ ಆ ಹೆಂಗಸರಿಗೆ ನೂರು ಪಟ್ಟು ಒಳ್ಳೇದು ಮಾಡು, ಸರಿಹೋಯ್ತು."

"ಕೇಳೋರು ಯಾರು ಗೊತ್ತಲ್ಲ?"

"ಹಾಗಾದ್ರೆ ಹೋಗ್ಲೇಬೇಡ. ಬೆಂಬಲ ಬೇಡ ಅನ್ನು."

"ಯಾಕೆ ಬೇಡ ಅಂತ ಅಪ್ಪ ಕೇಳ್ತಾನೆ."

"ಕೇಳ್ತೀನಿ," ಎಂದ ಎಮಿಲ್.

ಉಪ್ಪಿನಲ್ಲಿ ಹಾಕಿಟ್ಟ ಎಲೆಕೋಸಿನ ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದು ನೆಲಮಾಳಿಗೆಯ ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದ. ಎಲ್ಲಿಂದ ಕೇಳಿಸಿಕೊಂಡನೋ. ಮಾರ್ಲೀನ್ ಅವನಿಗೆ ಮತ್ತೊಮ್ಮೆ, ಮೊದಲಿಂದ, ಏನನ್ನೂ ಬಿಡದೆ ಹೇಳಿದಳು. ಏಪ್ರನಿನ ತನಕ ಬಂದಾಗ ಅವನು ಜಾಡಿಯನ್ನು ಮೇಜಿನ ಮೇಲಿಟ್ಟ.

"ನನ್ನ ಮಗಳು," ಎಂದ. "ನನ್ನ ಮನೆಯಿಂದ."

"ನಿನ್ನ ಮನೆಯ ಸಾರೇ ತಾತ," ಎಂದಳು ನೊಯೆಲ್. ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿದಳು. "ಪ್ರತಿದಿನ ಫ್ಲಾಸ್ಕನ್ನ ಬಾಗಿಲ ಹತ್ರ ಇಟ್ಟೆಯಲ್ಲ, ಅದೇನು ಕಾಲು ಬಂದು ನಡ್ಕೊಂಡು ಹೋಗ್ತಿತ್ತಾ?"

"ನಾನು ಯಾರಿಗೂ ಹೋಗು ಅನ್ನಲಿಲ್ಲ."

"ಯಾರು ಹೋದ್ರಿ ಅಂತಾನೂ ಅನ್ನಲಿಲ್ಲ. ಸಾಲು ದಾಟದೇ ಇರೋ ಮರ್ಯಾದೆ ನಿನಗೆ, ದಾಟೋ ಪಾಪ ಅಮ್ಮನಿಗೆ. ಚೆನ್ನಾಗಿ ಹಂಚಿದ್ದೀಯ."

"ನೊಯೆಲ್, ಸಾಕು," ಎಂದಳು ಮಾರ್ಲೀನ್. ಆಮೇಲೆ ಹೇಳಲೋ ಬೇಡವೋ ಎಂದು ತಡೆದು ತಡೆದು ಹೇಳಿದಳು: "ಅಪ್ಪ, ಇನ್ನೊಂದಿದೆ. ಮನೆಯೋರಿಗೆ ಅಂತ ಅವರು ಪಕ್ಕದ ಬಾಗಿಲು ಬಿಟ್ಟಿದ್ರಂತೆ. ಮೊದಲನೇ ದಿನದಿಂದ. ಅಮ್ಮನ್ನ ನೋಡೋಕೆ ನೀನು ದಿನಾ ಹೋಗಬಹುದಿತ್ತು. ಸಾಲು ದಾಟಿದ ಹಾಗಾಗ್ತಿರಲಿಲ್ಲ."

ಎಮಿಲ್ ಕುರ್ಚಿ ಹಿಡಿದು ನಿಧಾನವಾಗಿ ಕೂತ.

"ಕಾರ್ಖಾನೆಗೆ ಪಕ್ಕದ ಬಾಗಿಲು ಇರಲಿಲ್ಲ," ಎಂದ.

ಕೇಳಬಹುದಾದ ಒಂದು ಮಾತನ್ನು ಅವನು ಕೇಳಿರಲಿಲ್ಲ. ನಿಯಮ ತನಗೆ ಬಾಯಿಪಾಠವೆಂದು ನಂಬಿದವನು ನಿಯಮ ಮಾಡಿದವರನ್ನು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ಆ ಸ್ವಾಭಿಮಾನದ ಬೆಲೆಯನ್ನು ಆರು ವಾರ ತೆತ್ತವಳು, ಸ್ವಾಭಿಮಾನವೆಂದರೇನೆಂಬುದೇ ಮರೆತುಹೋದ ಒಬ್ಬ ಮುದುಕಿ.

ಸೋಮವಾರ ಅವನೇ ಫ್ಲಾಸ್ಕನ್ನು ಹಿಡಿದು ಹೊರಟ. ಸಂಜೆ ಊಟಕ್ಕೆ ಕೂತಾಗ ತಟ್ಟೆ ಮುಟ್ಟಲಿಲ್ಲ.

"ಹೋಗಿದ್ರಾ ಮಾವ?" ಎಂದ ಕರ್ಟಿಸ್.

"ಹೋಗಿದ್ದೆ. ಲಿಲಾಕ್ ಪೊದೆಯ ಹತ್ರ ಬಾಗಿಲು. ತಳ್ಳಿದ್ರೆ ತೆರ್ಕೊಳ್ಳುತ್ತೆ. ಬೀಗಾನೂ ಇಲ್ಲ."

"ಅಮ್ಮ ಹೇಗಿದ್ಲು?" ಎಂದಳು ಮಾರ್ಲೀನ್.

"ಯಾರೋ ಹೊಸಬ ಅಂದ್ಕೊಂಡ್ಲು. ಮೊದಲು ಬಾಯಿ ಬಿಡ್ಲಿಲ್ಲ. ಆಮೇಲೆ ಸಾರಿನ ವಾಸನೆ ಹಿಡಿದ್ಲು. ಅಷ್ಟು ಗುರುತಿದೆ." ಅವನು ನೀರು ಕುಡಿದ. "ಆ ಇನ್ನೊಬ್ಬಾಕೆ. ಡೂಲಿ. ನೀನು ಹೇಳಿದ ಹಾಗೇ. ಬಾಯಿ ತೆರ್ಕೊಂಡು ನನ್ನ ಕಡೇನೇ ನೋಡ್ತಾ ಇದ್ಲು."

"ಕೊಟ್ಯಾ ತಾತ?" ಎಂದಳು ನೊಯೆಲ್. ಈ ಸಲ ಅವಳ ದನಿಯಲ್ಲಿ ಚುಚ್ಚುವಿಕೆ ಇರಲಿಲ್ಲ.

"ಇಲ್ಲ. ಅದು ಆ ಹೆಂಗಸರ ಕೆಲಸ. ನಾನು ಮಾಡಿದ್ರೆ ಅವರು ಹೊರಗೇ ಇರ್ತಾರೆ." ಎಮಿಲ್ ತನ್ನ ಕೈಗಳನ್ನು ನೋಡಿಕೊಂಡ. "ಕುರ್ಚಿ ತಿರುಗಿಸ್ಕೊಂಡು ಕೂತೆ. ಅವಳಿಗೆ ಬೆನ್ನು ಹಾಕಿ."

ತಾನು ಹೋಗದ ದಿನಗಳಲ್ಲಿ ಆ ಮೇಜು ಹೇಗಿದ್ದಿರಬೇಕೆಂದು ಮಾರ್ಲೀನಳಿಗೆ ತಿಳಿಯದೆ ಇರಲಿಲ್ಲ. ಅವಳು ತಂದೆಯ ತಟ್ಟೆಯನ್ನು ಬಿಸಿಮಾಡಿ ತಂದು ಮತ್ತೆ ಅವನ ಮುಂದಿಟ್ಟಳು. ಅವನು ಸ್ವಲ್ಪ ತಿಂದ.

ಅದೇ ವಾರ ಅವಳು ಗಸ್‌ಗೆ ಫೋನು ಮಾಡಿ, ಬೆಂಬಲ ಕೇಳಲು ತಾನು ಬರುವುದಾಗಿ ಹೇಳಿದಳು.

"ಯಾಕಮ್ಮಾ?" ಎಂದಳು ನೊಯೆಲ್. "ನಿಜ ಹೇಳೋದೇ ಆದ್ರೆ ಯಾಕೆ ಹೋಗ್ತೀಯ? ಸುಮ್ಮನೆ ಮನೇಲಿದ್ರೆ ಇಷ್ಟಾದ್ರೂ ಮರ್ಯಾದೆ ಉಳಿಯುತ್ತೆ."

"ಹೋಗದೇ ಇದ್ರೆ, ಸಂಘ ಬೇಡ ಅಂದ್ಲು ಅಂತಾರೆ. ಅದೂ ಸುಳ್ಳೇ. ನನಗೆ ಬೇಕು. ಬೇಕು ಅಂತ ಕೇಳ್ತೀನಿ. ನನ್ನ ಹೆಸರು ಹೇಳ್ಕೊಂಡು ಬಾಗಿಲು ತಟ್ಟೋರಿಗೆ ನಾನು ಏನು ಮಾಡಿದೆ ಅಂತ ಗೊತ್ತಿರಲಿ. ಆಮೇಲೆ ತಟ್ಟೋದೋ ಬಿಡೋದೋ ಅವರಿಷ್ಟ."

ವಿಷಯ ಹೇಗೋ ಗಸ್‌ನ ಕಿವಿಗೂ ಬಿದ್ದಿತ್ತು. ಅವನು ಮನೆಗೇ ಬಂದು ಎಮಿಲನನ್ನು ಜಗಲಿಗೆ ಕರೆದ. "ಎಮಿಲ್, ಈ ಸಲ ಪ್ರಶ್ನೆ ಬೇರೆ ಯಾರಾದ್ರೂ ಕೇಳ್ಲಿ. ನಿಮಗೆ ಕೆಮ್ಮು ಅಂತ ಹೇಳಿದ್ರಾಯ್ತು. ಯಾರೂ ತಪ್ಪು ತಿಳ್ಕೊಳ್ಳಲ್ಲ."

"ನನಗೆ ಕೆಮ್ಮಿಲ್ಲ," ಎಂದ ಎಮಿಲ್.

ಏಪ್ರಿಲಿನ ಮೊದಲ ಗುರುವಾರ ಸಂಜೆ ಭವನ ತುಂಬಿತ್ತು. ಉಕ್ಕಿನವರು, ಚಾಲಕರು, ಶಾಲೆಯವರು, ಹಿಂದಿನ ಸಾಲಿನಲ್ಲಿ ಕೋಟು ಬಿಚ್ಚದೆ ಕೂತ ವೃದ್ಧಾಲಯದ ಹೆಂಗಸರು. ಕರ್ಟಿಸ್ ಚಾಲಕರ ನಡುವೆ ಕೂತಿದ್ದ. ಸದಸ್ಯಳಲ್ಲದ ನೊಯೆಲ್ ಬಾಗಿಲ ಬಳಿ ನಿಂತಳು. ಗಸ್ ಹೆಸರು ಕರೆದ. ಮಾರ್ಲೀನ್ ಮುಂದೆ ಬಂದು ನಿಂತಳು. ಎಮಿಲ್ ಎದ್ದು, ಎಲ್ಲ ಅಭ್ಯರ್ಥಿಗಳಿಗೂ ಮಾಡುತ್ತಿದ್ದಂತೆ, ಕೋಟಿನ ಗುಂಡಿ ಹಾಕಿಕೊಂಡ.

"ನೀವು ಎಂದಾದರೂ ಮುಷ್ಕರದ ಸಾಲನ್ನು ದಾಟಿದ್ದೀರಾ?"

"ಹೌದು," ಎಂದಳು ಮಾರ್ಲೀನ್. "ಇದೇ ಮುಷ್ಕರದ್ದು. ಏಳನೇ ಬೀದಿಯಲ್ಲಿ. ಅಮ್ಮನಿಗೆ ಸಾರು ಒಯ್ದೆ, ಅದನ್ನ ನೀವು ತಪ್ಪು ಅನ್ನಲ್ಲ ಅಂತ ಈಗ ಗೊತ್ತಾಗಿದೆ. ಆದ್ರೆ ಮೇಜಿನವರಿಗೆಲ್ಲ ಉಣಿಸಿದೆ. ಹೊರಗೆ ನಿಂತೋರ ಏಪ್ರನ್ ಕಟ್ಕೊಂಡು ಅವರ ಕೆಲಸ ಮಾಡಿದೆ. ಅದರಿಂದ ಮಾತುಕತೆ ನಿಂತುಹೋಯ್ತು. ಆ ಮುದುಕಿಯರು ಹಸಿದಿದ್ರು ಅನ್ನೋದೂ ನಿಜ, ನಾನು ಮಾಡಿದ್ದು ತಪ್ಪು ಅನ್ನೋದೂ ನಿಜ. ಎರಡನ್ನೂ ಹೇಳೋಕೇ ಬಂದೆ."

ಹಿಂದಿನ ಸಾಲಿನಲ್ಲಿ ಮಿಗ್ಡಾಲಿಯಾ ತಲೆ ತಗ್ಗಿಸಿ ಕೂತಿದ್ದಳು. ಎಲ್ಲರ ಕಣ್ಣೂ ಆ ಮುದುಕನ ಕೈಯ ಮೇಲಿತ್ತು. ಅವನು ಕುರ್ಚಿಯ ಬೆನ್ನನ್ನು ಹಿಡಿದು, ಎತ್ತಿ, ತಿರುಗಿಸಿ, ಮಗಳಿಗೆ ಬೆನ್ನು ಹಾಕಿ ಕೂತ.

ಆಮೇಲೆ ಕುರ್ಚಿಗಳ ಸದ್ದು. ಸಾಲು ಸಾಲಾಗಿ ತಿರುಗಿದವು. ಕರ್ಟಿಸನದೂ ತಿರುಗಿತು. ಎಲ್ಲಕ್ಕಿಂತ ಕೊನೆಗೆ ಮಿಗ್ಡಾಲಿಯಾಳದು. ಮಾರ್ಲೀನ್ ಆ ಬೆನ್ನುಗಳಿಗೆ ವಂದನೆ ಹೇಳಿ ಹೊರಗೆ ನಡೆದಳು. ಆ ವರ್ಷ ಆರನೆಯ ವಾರ್ಡಿಗೆ ಭವನ ಯಾರಿಗೂ ಬೆಂಬಲ ಕೊಡಲಿಲ್ಲ.

ಅವಳು ಕಾರಿನಲ್ಲಿ ಕೂತು ಸ್ವಲ್ಪ ಹೊತ್ತಾದ ಮೇಲೆ ಎಮಿಲ್ ಬಂದು ಪಕ್ಕದ ಸೀಟಿನಲ್ಲಿ ಕೂತ. ಅವಳು ಮರೆತು ಬಂದ ಶಾಲು ಅವನ ಕೈಯಲ್ಲಿತ್ತು. ಹಿಂದೆ ನೊಯೆಲ್, ಅವಳ ಪಕ್ಕದಲ್ಲಿ ಕರ್ಟಿಸ್. ಮಾರ್ಲೀನ್ ಕಾರು ಹೊರಡಿಸಿದಳು.

"ತಿರುಗಿಸ್ಲೇಬೇಕಿತ್ತಾ ತಾತ?" ಎಂದಳು ನೊಯೆಲ್.

"ತಿರುಗಿಸದೇ ಇದ್ದಿದ್ರೆ, ನಾನು ಹೇಳಿದ್ದಕ್ಕೆ ಏನು ಬೆಲೆ?" ಎಂದವಳು ಮಾರ್ಲೀನ್.

"ಚುನಾವಣೆಯಿಂದ ಹೆಸರು ವಾಪಸ್ ತಗೋತೀಯಾ ಅಮ್ಮಾ?"

"ಇಲ್ಲ. ಬಾಗಿಲು ನಾವೇ ತಟ್ಟೋಣ."

"ಇಬ್ಬರಿಂದ ಇಡೀ ವಾರ್ಡಾ?"

"ಮೂವರು," ಎಂದ ಕರ್ಟಿಸ್ ಕಿಟಕಿಯ ಕಡೆ ನೋಡುತ್ತಾ. "ಶನಿವಾರ ನನಗೆ ರಜ."

ಎಮಿಲ್ ಶಾಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದ. "ಚರ್ಚಿನ ದೊಡ್ಡ ಪಾತ್ರೆ ಯಾರ ಹತ್ರ ಇದೆ?" ಎಂದ.

"ಯಾಕಪ್ಪ?"

"ನಾಳೆ ಶುಕ್ರವಾರ. ಆಲೂಗಡ್ಡೆ ಸಾರು. ಹೊರಗೆ ನಿಂತೋರಿಗೆ. ಅವರು ಗಟ್ಟಿಯಾಗಿ ನಿಂತಷ್ಟು ಬೇಗ ಒಳಗೆ ಹೋಗ್ತಾರೆ. ಒಳಗೆ ಹೋದ್ರೇ ಆ ಡೂಲಿಗೆ ಊಟ."

ಮರುದಿನ ಮಧ್ಯಾಹ್ನ ಕರ್ಟಿಸನ ವ್ಯಾನು ಮುಂದಿನ ಗೇಟಿನ ಬಳಿ ನಿಂತಿತು. ಪಾತ್ರೆಯನ್ನು ಅವನೂ ಮಾರ್ಲೀನೂ ಸೇರಿ ಇಳಿಸಿ ಪೀಪಾಯಿಯ ಪಕ್ಕದಲ್ಲಿಟ್ಟರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಬಟ್ಟಲು ಹಿಡಿದು ಬಂದವಳು ಮಿಗ್ಡಾಲಿಯಾ.

"ಸಬ್ಬಸಿಗೆ ಸೊಪ್ಪು ಜಾಸ್ತಿ ಆಗಿದೆ," ಎಂದಳು, ಒಂದು ಗುಟುಕು ಕುಡಿದು.

"ನಮ್ಮ ಅಪ್ಪನಿಗೆ ಹೇಳಿ ನೋಡಿ, ಧೈರ್ಯ ಇದ್ರೆ."

ಮಿಗ್ಡಾಲಿಯಾ ನಕ್ಕಳೋ ಇಲ್ಲವೋ ಹೇಳುವುದು ಕಷ್ಟ. ಬಟ್ಟಲನ್ನು ಎರಡು ಕೈಯಲ್ಲೂ ಹಿಡಿಯಬೇಕಿತ್ತು. ತನ್ನ ಫಲಕವನ್ನು ಮಾರ್ಲೀನಳ ಕಡೆ ಚಾಚಿದಳು. "ಉಣ್ಣೋ ತನಕ ಹಿಡ್ಕೊಳ್ಳಿ."

ಎಮಿಲ್ ಚಿಕ್ಕ ಫ್ಲಾಸ್ಕನ್ನು ಹಿಡಿದು ಲಿಲಾಕ್ ಪೊದೆಯ ಕಡೆಗೆ ನಡೆದುಹೋದ. ಮಾರ್ಲೀನ್ ಸಾಲಿನಲ್ಲಿ ನಿಂತಳು. ಊಟದ ಕೋಣೆಯ ಕಿಟಕಿ ಅಲ್ಲಿಂದ ಕಾಣುತ್ತಿತ್ತು, ಒಳಗಿನವರು ಕಾಣುತ್ತಿರಲಿಲ್ಲ. ಶಾಲೆಯ ಗಂಟೆ ಹೊಡೆಯುವ ಮೊದಲು ಅವನು ಖಾಲಿ ಫ್ಲಾಸ್ಕಿನೊಡನೆ ಹೊರಬಂದ.

"ತಿಂದ್ಲಾ?" ಎಂದಳು ಅವಳು.

"ತಿಂದ್ಲು. ಎಲ್ಲಾ."

ಉಳಿದವರ ಮಾತನ್ನು ಅವನು ಎತ್ತಲಿಲ್ಲ, ಅವಳು ಕೇಳಲಿಲ್ಲ. ಫಲಕವನ್ನು ಕಿಟಕಿಗೆ ಕಾಣುವಷ್ಟು ಎತ್ತರಕ್ಕೆ ಎತ್ತಿ ಹಿಡಿದಳು.